ಬಲಗಡೆಯ ಪೆಟ್ಟಿಗೆ

ಮಧ್ಯಾಹ್ನ ಎರಡು ಗಂಟೆ. ಹಳೆಯ ಯಂತ್ರಗಳ ಯಾರ್ಡಿನಲ್ಲಿ ಮಣ್ಣು ಅಗೆಯುವ ಹಳದಿ ಎಕ್ಸ್‌ಕವೇಟರಿನ ಎಂಜಿನ್ ಬೆಳಗಿನಿಂದ ಓಡುತ್ತಲೇ ಇತ್ತು, ಒಮ್ಮೆಯೂ ಲಯ ತಪ್ಪಿರಲಿಲ್ಲ.

ಮೀಟರನಿಗೆ ಅದೇ ಚಿಂತೆ. ಕರೆಂಟು ಅಳೆಯುವ ಮೀಟರನ್ನು ಸದಾ ಕೊರಳಿಗೆ ನೇತುಹಾಕಿಕೊಂಡು ಓಡಾಡುವವನಾದ್ದರಿಂದ ಊರೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು, ಒಡಹುಟ್ಟಿದ ಅಕ್ಕ ಕೂಡ. ಇಂಥ ಯಂತ್ರಗಳ ಎಲೆಕ್ಟ್ರಾನಿಕ್ ದೋಷ ಹುಡುಕುವುದು ಅವನ ಕಸುಬು. ಕೆಟ್ಟ ಗಾಡಿ ಅವನಿಗೆ ಹೊಸದಲ್ಲ. ಸರಿಯಾಗಿರುವ ಗಾಡಿಯೊಂದು ಹೀಗೆ ಕೆಡಲಿ ಕೆಡಲಿ ಎಂದು ಕಾಯುತ್ತ ಕೂತದ್ದು ಮಾತ್ರ ಇದೇ ಮೊದಲು.

ಭಾವ, ಅಂದರೆ ಅಕ್ಕನ ಗಂಡ, ಕೆಳಗೆ ಹಳೆಯ ಟೈರೊಂದರ ಮೇಲೆ ಕೂತಿದ್ದರು. ಈ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದವರು ಅವರೇ. ಹೋದ ವರ್ಷ ಕಾಂಕ್ರೀಟ್ ಪೈಪೊಂದನ್ನು ಕಾಲುವೆಗೆ ಇಳಿಸುತ್ತಿದ್ದಾಗ ಎಂಜಿನ್ ಇದ್ದಕ್ಕಿದ್ದಂತೆ ಕುಗ್ಗಿತು. ಯಂತ್ರದ ತೋಳು ತಡವರಿಸಿತು. ತೂಗಾಡಿದ ಪೈಪು ಬಡಿದು ಕೆಳಗೆ ಪೈಪು ಜೋಡಿಸುತ್ತಿದ್ದ ಫಿಟ್ಟರನ ಕಾಲು ಮುರಿಯಿತು. ಕಂಪನಿಯವರು ಎಂಜಿನ್ ವೇಗ ಹೆಚ್ಚು ಕಡಿಮೆ ಮಾಡುವ ಡಯಲನ್ನು ಬದಲಿಸಿದರು, ಡಯಲಿನ ಸೂಚನೆಯನ್ನು ಎಂಜಿನ್ನಿಗೆ ಮುಟ್ಟಿಸುವ ಕಂಟ್ರೋಲರನ್ನೂ ಬದಲಿಸಿದರು. ಬಿಚ್ಚಿದ ಎರಡರಲ್ಲೂ ದೋಷ ಸಿಗಲಿಲ್ಲ. ಚಾಲಕನ ಮೊಣಕಾಲು ತಗುಲಿ ಡಯಲ್ ತಿರುಗಿರಬೇಕು ಎಂದು ತೀರ್ಮಾನಿಸಿದರು. ಭಾವ ಎದುರಾಡಲಿಲ್ಲ. ಬರಬರುತ್ತ ಅವರೂ ಅದನ್ನೇ ನಂಬಿದರು. ಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತವರು ನಡುವೆ ಕೈ ನಿಲ್ಲಿಸಿ ತಮ್ಮ ಬಲ ಮೊಣಕಾಲನ್ನು ಪರರದೆಂಬಂತೆ ನೋಡುತ್ತಿದ್ದರು. ಆ ದಿನದಿಂದ ಯಾವ ಕ್ಯಾಬಿನ್ನನ್ನೂ ಹತ್ತಿರಲಿಲ್ಲ.

ಗಾಡಿ ಮಾರಾಟಕ್ಕೆ ಬಂದಿರುವ ಸುದ್ದಿ ಸಿಕ್ಕಿದ್ದೇ ಮೀಟರ್ ಮಾರುವ ಮುನ್ನ ಅದನ್ನು ಪರೀಕ್ಷಿಸುವ ಈ ಕೆಲಸವನ್ನು ತಾನಾಗಿ ಕೇಳಿಕೊಂಡು, ಭಾವನನ್ನೂ ಎಳೆದು ತಂದಿದ್ದ. ತಪ್ಪು ಮೊಣಕಾಲಿನದೋ ಗಾಡಿಯದೋ ಎಂಬುದು ಇವತ್ತೇ ತಿಳಿಯಬೇಕು. ನಾಳೆ ಗಾಡಿ ಯಾರ ಪಾಲೋ.

ಯಾರ್ಡಿನ ಒಡತಿ ಕೊಡೆ ಹಿಡಿದುಕೊಂಡು ಬಂದರು. "ಏನಪ್ಪಾ, ಸಂಜೆ ಗಿರಾಕಿ ಬರ್ತಾರೆ. ಚೆನ್ನಾಗಿರೋ ಗಾಡೀನ ಓಡಿಸಿ ಓಡಿಸಿ ನೀನೇ ಕೆಡಿಸಿಬಿಟ್ಟೀಯ."

"ಕೆಟ್ಟರೆ ನಾನು ಬದುಕಿದೆ ಅಮ್ಮ."

"ನೀನು ಬದುಕ್ತೀಯ. ಡೀಸೆಲ್ ನಂದು," ಎಂದು ಅವರು ಹೊರಟುಹೋದರು.

ಬಿಸಿಲು ತಗಡಿನ ಬೇಲಿಯ ಮೇಲೆ ನೀರಿನಂತೆ ನಡುಗುತ್ತಿತ್ತು. ಸಾಲಾಗಿ ನಿಂತ ಯಂತ್ರಗಳು ತೋಳು ಮಡಚಿ, ಬಕೆಟ್ಟನ್ನು ನೆಲಕ್ಕೆ ಊರಿ, ಉಂಡು ಮಲಗಿದವರ ಹಾಗೆ ಕಾಣುತ್ತಿದ್ದವು. ಎಂಜಿನ್ನಿನ ಗುಂಯ್‌ಗುಡುವಿಕೆ ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಹತ್ತಿ, ಕೊನೆಗೆ ತನ್ನ ಮೈಯೊಳಗಿಂದಲೇ ಬರುತ್ತಿದೆಯೇನೋ ಎನಿಸುತ್ತಿತ್ತು. ಮೀಟರ್ ಆಕಳಿಸಿದ.

"ಭಾವ, ಊಟ ಆದ್ಮೇಲೆ ಇದರಲ್ಲಿ ನಿದ್ದೆ ಹೊಡೀತಿದ್ರಾ?"

"ಹೊಡೀದೆ ಇರ್ತಾರೇನೋ? ಎಂಜಿನ್ ಸಣ್ಣಗೆ ಇಟ್ಟು ಎಸಿ ಹಾಕಿಬಿಟ್ರೆ ಸ್ವರ್ಗ. ನಮ್ಮನೆ ಮಂಚದಲ್ಲೂ ಅಂಥಾ ನಿದ್ದೆ ಇಲ್ಲ. ನಿಮ್ಮಕ್ಕನ ಹತ್ರ ಹೇಳಬೇಡ ಮತ್ತೆ."

"ಹೇಗೆ ಮಲಗ್ತಿದ್ರಿ?"

"ಎಡಗಡೆ ಬಾಗಿಲಿಗೆ ತಲೆ, ಬಲಗಡೆ ಪೆಟ್ಟಿಗೆ ಮೇಲೆ ಕಾಲು. ಮಹಾರಾಜ."

ಬಲಗಡೆಯ ಪೆಟ್ಟಿಗೆ ಎಂದರೆ ಸೀಟಿನ ಪಕ್ಕದಲ್ಲಿ ಕೈ ಊರಲು ಇರುವ ಕಟ್ಟೆ. ಡಯಲ್ ಇರುವುದು ಅದರ ತುದಿಯಲ್ಲಿ. ಮೀಟರ್ ಅದರ ಪಕ್ಕದಲ್ಲೇ ಬೆಳಗಿನಿಂದ ಕೂತಿದ್ದ, ಆದರೆ ಮೆಕ್ಯಾನಿಕ್ ಕೂರುವ ಹಾಗೆ: ಗ್ರೀಸಾದ ಬಟ್ಟೆ ತಾಗದಂತೆ ಸೀಟಿನ ಅಂಚಿನಲ್ಲಿ, ಎಲ್ಲಿಗೂ ಒರಗದೆ. ಇವನಿಗಿಂತ ಮೊದಲು ಪರೀಕ್ಷೆಗೆ ಬಂದವರೂ ಹಾಗೇ ಕೂತಿರುತ್ತಾರೆ. ಈಗ ಲಿವರುಗಳು ಆಡದಂತೆ ಲಾಕ್ ಹಾಕಿ, ಡಯಲನ್ನು ಪೂರ್ತಿ ವೇಗಕ್ಕೆ ತಿರುಗಿಸಿ, ಬೂಟು ಬಿಚ್ಚಿ, ಭಾವ ಹೇಳಿದ ಹಾಗೆ ಅಡ್ಡಲಾಗಿ ಮಲಗಿದ.

ಪರೀಕ್ಷೆ ಎಂದುಕೊಂಡೇ ಮಲಗಿದ್ದು. ಆದರೆ ಕಣ್ಣು ಎಳೆಯಿತು. ಗಾಜಿನಾಚೆಯ ಬಿಳಿ ಬೆಳಕು ಹಾಲಿನ ಹಾಗೆ ಒಳಗೆ ತುಂಬಿಕೊಂಡಿತು. ಅದರಲ್ಲಿ ಅಕ್ಕನ ಅಡುಗೆಮನೆ ತೇಲಿ ಬಂತು, ಅಕ್ಕ ಬೆನ್ನು ತಿರುಗಿಸಿ ನಿಂತಿದ್ದಳು. ಬೀಸುವ ಫ್ಯಾನು, ಯಾವುದೋ ನದಿಯ ಮೊರೆತ, ದೂರದಲ್ಲಿ ಯಾರೋ ಮಣ್ಣು ಅಗೆಯುವ ಸದ್ದು. ಅವನು ಜಾರುತ್ತ ಹೋದ. ಕಾಲುಗಳು ಸಡಿಲವಾಗಿ, ಹಿಮ್ಮಡಿಯ ಭಾರವೆಲ್ಲ ಪೆಟ್ಟಿಗೆಯ ಮೇಲೆ ಬಿತ್ತು. ಕನಸಿನ ನದಿ ನಿಂತುಹೋಯಿತು. ಅಕ್ಕ ತಿರುಗಿ, "ಕರೆಂಟ್ ಹೋಯ್ತೇನೋ?" ಎಂದಳು.

ಅವನು ಕಣ್ಣು ಬಿಟ್ಟ. ಎಂಜಿನ್ ಕುಗ್ಗಿತ್ತು. ಡಯಲ್ ಪೂರ್ತಿ ವೇಗದಲ್ಲೇ ಇತ್ತು, ಪರದೆಯ ಮೇಲೆ ಕೆಂಪು ದೀಪ. ಮೆಲ್ಲಗೆ ಹಿಮ್ಮಡಿ ಎತ್ತಿದ. ಎಂಜಿನ್ ಗುಡುಗಿ ಮೇಲೆದ್ದಿತು. ಊರಿದ, ಕುಗ್ಗಿತು.

"ಭಾವಾ!"

ಕೆಳಗೆ ಭಾವ ಆಗಲೇ ಎದ್ದು ನಿಂತಿದ್ದರು. ಆ ಸದ್ದನ್ನು ಅವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಎಂಜಿನ್ ಆರಿಸಿ, ಪೆಟ್ಟಿಗೆಯ ಮುಚ್ಚಳ ಬಿಚ್ಚಿದಾಗ ವಿಷಯ ಸರಳವಾಗಿತ್ತು. ಡಯಲಿನಿಂದ ಕಂಟ್ರೋಲರಿಗೆ ಹೋಗುವ ವೈರು ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ಒತ್ತಿ, ತಿಕ್ಕಿ, ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿತ್ತು. ಮುಚ್ಚಳ ಒಂದಿಷ್ಟು ತಗ್ಗಿದರೆ ತಾಮ್ರ ಕಬ್ಬಿಣಕ್ಕೆ ತಾಗುತ್ತದೆ. ಭಾರದ ಪೈಪು ಇಳಿಸುವಾಗ ಮೊಣಕೈ ಬಲವಾಗಿ ಊರಿದ್ದರೂ ಸಾಕು.

ಮೀಟರ್ ಮುಚ್ಚಳವನ್ನು ಬೆಳಕಿಗೆ ಹಿಡಿದ. ನಡುವೆ, ಪಕ್ಕಪಕ್ಕದಲ್ಲಿ, ನುಣ್ಣಗೆ ಹೊಳೆಯುವ ಎರಡು ತಗ್ಗುಗಳು. ಅವನು ಅದನ್ನು ಬೋರಲು ಹಾಕಿ ಸೀಟಿನ ಹಿಂದೆ ಸರಿಸಿದ.

ಅಷ್ಟರಲ್ಲಿ ಭಾವ ಚಕ್ರಗಳ ಜಾಗದಲ್ಲಿರುವ ಉಕ್ಕಿನ ಚೈನಿನ ಮೇಲೆ ಹತ್ತಿ ಬಾಗಿಲಲ್ಲಿ ನಿಂತಿದ್ದರು.

"ವೈರು, ಭಾವ. ನೋಡಿ. ನಿಮ್ಮ ಮೊಣಕಾಲಲ್ಲ."

ಭಾವ ತಾಮ್ರವನ್ನು ಬಹಳ ಹೊತ್ತು ನೋಡಿದರು. "ಮುಚ್ಚಳ ಎಲ್ಲಿ?"

"ಇರಲಿ ಬಿಡಿ."

"ಕೊಡೋ ಇಲ್ಲಿ."

ಅವರು ಬಾಗಿಲಲ್ಲೇ ಕೂತು ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಆ ಎರಡು ತಗ್ಗುಗಳ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಯಾರ್ಡಿನ ಕಡೆ ನೋಡಿದರು. ಬಿಸಿಲಿಗೆ ಅಷ್ಟೂ ಯಂತ್ರಗಳು ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿದ್ದವು.

"ಮೊಣಕಾಲಲ್ಲ, ಹಿಮ್ಮಡಿ. ದಿನಾ ಊರಿ ಊರಿ ನಾನೇ ತಗ್ಗಿಸಿದ್ದು," ಎಂದರು.

"ಭಾವ, ಅಲ್ಲಿ ಕಾಲು ಇಡದ ಡ್ರೈವರ್ ಯಾರಿದಾರೆ? ವೈರನ್ನ ಪಟ್ಟಿ ಮೇಲೆ ಎಳೆದವರದ್ದೂ ತಪ್ಪೇ."

"ಇರಬಹುದು ಕಣೋ. ಆದ್ರೆ ನನ್ನ ಪಾಲಿಂದು ಎಷ್ಟು ಅಂತ ಇವತ್ತು ಗೊತ್ತಾಯ್ತು ನೋಡು. ಇಷ್ಟು ದಿನ ಅದೂ ಗೊತ್ತಿರಲಿಲ್ಲ." ಅವರ ಮುಖದಲ್ಲಿ ಜ್ವರ ಬಿಟ್ಟವನ ಸುಸ್ತಿತ್ತು.

ಒಡತಿ ಮತ್ತೆ ಬಂದರು. ಎಂಜಿನ್ ನಿಂತದ್ದು ಅವರ ಕಿವಿಗೂ ಬಿದ್ದಿತ್ತು. ಮೀಟರ್ ತೋರಿಸಿದ್ದನ್ನು ನೋಡಿ, "ಸರಿಹೋಗುತ್ತಲ್ಲ? ಹಾಗಿದ್ರೆ ಗಿರಾಕಿಗೆ ಏನಂತ ಹೇಳ್ಲಿ?" ಎಂದರು.

"ನಾನೇ ಹೇಳ್ತೀನಮ್ಮ," ಎಂದರು ಭಾವ.

ಮೀಟರ್ ವೈರನ್ನು ಹೊಸದಾಗಿ ಬೆಸೆದು, ರಬ್ಬರಿನ ಕೊಳವೆ ತೊಡಿಸಿ, ಪಟ್ಟಿಯಿಂದ ದೂರ ಸರಿಸಿ ಕಟ್ಟಿದ. ಸಂಜೆ ಗಿರಾಕಿ ಬಂದಾಗ ಭಾವ ಮುಚ್ಚಳವನ್ನು ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದರು, ನಿದ್ದೆಯಿಂದ ಹಿಡಿದು ಫಿಟ್ಟರನ ಕಾಲಿನವರೆಗೆ. ಗಿರಾಕಿ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿ, ಹೊಸ ಮುಚ್ಚಳ ಹಾಕಿಸಿಕೊಡಿ ಎಂದಷ್ಟೇ ಕೇಳಿದ.

ಮರುದಿನ ಬೆಳಿಗ್ಗೆ ಗಾಡಿಯನ್ನು ಟ್ರೇಲರಿಗೆ ಹತ್ತಿಸಿದವರು ಭಾವ. ಅಲ್ಲಿಂದ ಅವರು ಮನೆಗೆ ಬರಲಿಲ್ಲ. ಬಸ್ಸು ಹಿಡಿದು ಫಿಟ್ಟರನ ಮನೆಗೆ ಹೋದರು.