ಮೂರು ಸಲ ನಿಂತ ಹಾಡು

ಆ ಊರಿನಲ್ಲಿ ಯಾರ ಮದುವೆಯಾದರೂ ಊಟದ ಹೊತ್ತಿಗೆ ಆ ಹಾಡು ಬರಲೇಬೇಕು. ಹಳೆಯ ಕಪ್ಪುಬಿಳುಪು ಸಿನಿಮಾದ ಹಾಡು. ನಾಯಕಿ ಲಾಂದ್ರ ಹಿಡಿದುಕೊಂಡು, ಎಂದೂ ಬರದ ಗಂಡನಿಗಾಗಿ ಹಾಡುತ್ತಾಳೆ: 'ದೀಪ ಆರಿದರೂ ಬಾಗಿಲಲ್ಲೇ ನಿಂತಿರುವೆ.' ಹೊಸ ಗಂಡಹೆಂಡಿರ ಮುಂದೆ ಇಂಥದ್ದನ್ನು ಹಾಡಿಸುವುದೇ ಎಂದು ಯಾರೂ ತಲೆಕೆಡಿಸಿಕೊಂಡವರಲ್ಲ. ಹಾಡು ಚೆನ್ನಾಗಿದೆ, ಅಷ್ಟು ಸಾಕು.

ಆದರೆ ಆ ಊರಿನ ನಾಯಕಿ ಒಂದು ಸಲ ನಿಂತು ಸುಮ್ಮನಾಗುವವಳಲ್ಲ. 'ನಿಂತಿ... ನಿಂತಿ... ನಿಂತಿರುವೆ' ಎಂದು ಮೂರು ಸಲ ನಿಲ್ಲುತ್ತಾಳೆ. ಕಾರಣ ಬಹಳ ಸರಳ. ಊರಿಗೆ ಇದ್ದದ್ದು ಒಂದೇ ಮೈಕ್‌ಸೆಟ್ ಅಂಗಡಿ, ಅಂಗಡಿಯಲ್ಲಿದ್ದದ್ದು ಆ ಹಾಡಿನ ಒಂದೇ ಗ್ರಾಮಫೋನ್ ತಟ್ಟೆ, ತಟ್ಟೆಯ ಮೇಲೆ ಸರಿಯಾಗಿ ಆ ಜಾಗದಲ್ಲಿ ಒಂದು ಗೀರು. ಮುಳ್ಳು ಅಲ್ಲಿ ಎರಡು ಸಲ ಎಡವಿ ಮೂರನೆಯ ಸಲ ದಾಟುತ್ತಿತ್ತು. ಕ್ಯಾಸೆಟ್ಟಿನ ಕಾಲ ಬಂದಾಗ ಅಂಗಡಿಯ ಯಜಮಾನರು ಅದೇ ತಟ್ಟೆಯಿಂದ ಊರಿಗೆಲ್ಲ ತುಂಬಿಸಿಕೊಟ್ಟರು, ಗೀರು ಮನೆಮನೆಗೂ ತಲುಪಿತು. ರೇಡಿಯೊದಲ್ಲಿ 'ನಿಂತಿರುವೆ' ಒಂದೇ ಸಲ ಬಂದಾಗ, ವಾರ್ತೆಗೆ ಹೊತ್ತಾಯಿತೆಂದು ರೇಡಿಯೊದವರು ಕತ್ತರಿಸಿಬಿಟ್ಟಿದ್ದಾರೆ ಎಂದು ಊರವರು ಅಂದುಕೊಂಡರು. ಸಿನಿಮಾ ಮತ್ತೆ ಊರಿಗೆ ಬಂದಾಗ, ರೀಲು ಓಡಿಸುವವನೇ ಇನ್ನೆರಡನ್ನು ಕದ್ದಿದ್ದಾನೆಂದು ಕುರ್ಚಿ ಮುರಿದರು. ನಿವೃತ್ತ ಮೇಷ್ಟರೊಬ್ಬರು ಇದರ ಬಗ್ಗೆ ಭಾಷಣವನ್ನೇ ಮಾಡುತ್ತಿದ್ದರು: ಮೊದಲನೆಯದು ಆಸೆ, ಎರಡನೆಯದು ಅನುಮಾನ, ಮೂರನೆಯದು ಹಟ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಗೀರಿಗೆ ಇಷ್ಟು ಮರ್ಯಾದೆ ಬೇರೆ ಯಾವ ಊರಿನಲ್ಲೂ ಸಿಕ್ಕಿರಲಾರದು.

ಈ ಹಾಡನ್ನು ವಾದ್ಯಗೋಷ್ಠಿಯಲ್ಲಿ ಹಾಡುವವಳೇ ಜೆರಾಕ್ಸ್ ಅಕ್ಕ. ಹುಡುಗಿಯಾಗಿದ್ದಾಗಿನಿಂದ, ಸಿನಿಮಾದಲ್ಲಿ ಆ ಹಾಡು ಹಾಡಿದ ಹಿರಿಯ ಗಾಯಕಿಯ ಹಾಡುಗಳನ್ನೇ, ಅವರ ಉಸಿರಿನ ಸದ್ದೂ ಬಿಡದಂತೆ ಹಾಡಿ ಸಂಪಾದಿಸಿದ ಹೆಸರು ಅದು. ಮೂರು ಸಲ ನಿಲ್ಲುವ ಕಡೆ ಅವಳು ಗಂಟಲಿನಲ್ಲಿ ಒಂದು ಸಣ್ಣ ಎಡವು ಹಾಕುತ್ತಿದ್ದಳು. ತಬಲ ಬಾರಿಸುವ ಅವಳ ಗಂಡ ಪ್ರತಿ ಎಡವಿಗೂ ಅಂಚಿನ ಮೇಲೆ 'ಟಕ್' ಎನ್ನಿಸುತ್ತಿದ್ದ. ಮುಳ್ಳು ಹಾರಿದ ಸದ್ದು ಅದು. ಗಂಡಹೆಂಡಿರಿಬ್ಬರೂ ಅದನ್ನು ತಾಳದ ಸೂಕ್ಷ್ಮವೆಂದೇ ನಂಬಿದ್ದರು.

ಜೆರಾಕ್ಸ್ ಎಂದು ಕರೆದರೆ ಅವಳಿಗೆ ಬೇಜಾರಿರಲಿಲ್ಲ. ಆದರೆ ಪ್ರತಿಗೆ ಅಸಲಿನ ಒಪ್ಪಿಗೆ ಬೇಡವೇ? ಆ ಹಿರಿಯ ಗಾಯಕಿ ಒಂದೇ ಒಂದು ಸಲ ತನ್ನ ಹಾಡು ಕೇಳಿ, 'ನನ್ನ ಹಾಗೇ ಹಾಡ್ತೀಯಮ್ಮ' ಅಂದುಬಿಟ್ಟರೆ ಸಾಕು ಎಂಬ ಆಸೆಯನ್ನು ಅವಳು ಬಚ್ಚಿಟ್ಟುಕೊಂಡಿದ್ದಳು. ಗಂಡನ ಹತ್ತಿರ ಮಾತ್ರ ಹೇಳಿದ್ದಳು. ಅವನು ಊರಿಗೆಲ್ಲ ಹೇಳಿದ್ದ.

ಸಿನಿಮಾಕ್ಕೆ ಐವತ್ತು ತುಂಬಿದ ವರ್ಷ ಮೈಕ್‌ಸೆಟ್ ಯಜಮಾನರೇ ಸಮಿತಿ ಕಟ್ಟಿ, ತಾವೇ ಅಧ್ಯಕ್ಷರಾಗಿ, ಹಿರಿಯ ಗಾಯಕಿಯನ್ನು ಕರೆಸಿದರು. ಕಾರ್ಯಕ್ರಮ ಸಂಜೆಗೆ. ಬೆಳಿಗ್ಗೆ ಸಭಾಂಗಣದ ಹಿಂದಿನ ಕೋಣೆಯಲ್ಲಿ ತಾಲೀಮು. ಆಕೆ ಬೆಳ್ಳಗಾದ ಕೂದಲಿನ, ಚುರುಕು ಕಣ್ಣಿನ ಪುಟ್ಟ ಮುದುಕಿ. ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾ, "ಎಲ್ಲಿ, ಹಾಡಮ್ಮ" ಅಂದರು. ಅಕ್ಕ ಜೀವ ತುಂಬಿ ಹಾಡಿದಳು. ಗಂಡ ಟಕ್ ಟಕ್ ಎನ್ನಿಸಿದ.

ಹಿರಿಯರು ಲೋಟ ಕೆಳಗಿಟ್ಟರು. "ದನಿ ಚೆನ್ನಾಗಿದೆ. ಆದ್ರೆ ಅಲ್ಲಿ ಯಾಕೆ ತೊದಲ್ತೀಯ?"

"ತೊದಲೋದಲ್ಲಮ್ಮ. ನೀವು ಹಾಡಿರೋದೇ ಹಾಗಲ್ವಾ?"

"ನಾನಾ?"

ಯಜಮಾನರು ಹೆಮ್ಮೆಯಿಂದ ತಟ್ಟೆ ತರಿಸಿ ಹಾಕಿದರು. ಮುಳ್ಳು ಎಡವಿತು, ಎಡವಿತು, ದಾಟಿತು. ಯಜಮಾನರ ಮುಖ ಅರಳಿತು. ಹಿರಿಯರು ಬಗ್ಗಿ, ತಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, "ಗೀರು ಬಿದ್ದಿದೆ ಕಣ್ರೀ" ಎಂದರು.

ಯಜಮಾನರು ಒಪ್ಪಲಿಲ್ಲ. "ನಮ್ಮ ತಟ್ಟೇಲಿ ಗೀರಾ? ಮಗು ಥರ ನೋಡ್ಕೊಂಡಿದೀನಿ. ನಿಮಗೂ ವಯಸ್ಸಾಯ್ತು, ಮರೆತಿರಬಹುದು" ಎಂದು ಮೆತ್ತಗೆ ತಟ್ಟೆ ಕಿತ್ತುಕೊಂಡರು.

ಅಕ್ಕ ಮಾತ್ರ ಯಜಮಾನರ ಕೈಯಲ್ಲಿದ್ದ ಆ ತಟ್ಟೆಯನ್ನೇ ನೋಡಿದಳು. ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಗಂಟಲು ಕಟ್ಟುವವರೆಗೆ ಅಭ್ಯಾಸ ಮಾಡಿದ್ದು ಒಂದು ಗೀರನ್ನೇ? ಮುದ್ದಿನ ಗಂಡ ಕಿವಿಯ ಹತ್ತಿರ ಬಂದು, "ಹಾಗಾದ್ರೆ ನಾನು ಟಕ್ ಅನ್ನಿಸ್ಲೋ ಬೇಡ್ವೋ?" ಎಂದು ಕೇಳಿದಾಗ ಅವಳಿಗೆ ಅವನ ತಬಲವನ್ನೇ ಅವನ ತಲೆಗೆ ಕುಕ್ಕಬೇಕೆನ್ನಿಸಿತು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಹಾರ, ಶಾಲು, ಮೇಷ್ಟರ ಭಾಷಣ ಎಲ್ಲ ಮುಗಿದ ಮೇಲೆ ಹಿರಿಯರು ಎದ್ದು ನಿಂತು ಹಾಡಿದರು. ಆ ವಯಸ್ಸಿನಲ್ಲೂ ದನಿ ನೇರವಾಗಿ ಬಂದು ಎದೆಗೆ ತಾಗುತ್ತಿತ್ತು. ಜನ ಆ ಸಾಲಿಗಾಗಿ ಕಾದರು. 'ಬಾಗಿಲಲ್ಲೇ ನಿಂತಿರುವೆ' ಎಂದು ಅವರು ಒಂದೇ ಸಲ ಹಾಡಿ ಮುಂದಕ್ಕೆ ಹೋಗಿಬಿಟ್ಟರು.

ಮೊದಲು ಪಿಸುಪಿಸು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಇನ್ನೆರಡು ಎಲ್ಲಿ ಹೋಯ್ತು?" ಎಂದರು. ಮೇಷ್ಟರು ಆಸೆ, ಅನುಮಾನ ಎರಡನ್ನೂ ಕಳೆದುಕೊಂಡವರಂತೆ ಕೂತಿದ್ದರು. ಹಾಡು ಮುಗಿದಾಗ ಚಪ್ಪಾಳೆ ಬಿತ್ತು, ಮರ್ಯಾದೆಗೆ ಎಷ್ಟು ಬೇಕೋ ಅಷ್ಟು. ಯಜಮಾನರು ಮೈಕಿಗೆ ಬಂದು, "ಅಮ್ಮನವರಿಗೆ ವಯಸ್ಸಾಗಿದೆ, ದೂರದಿಂದ ಬಂದಿದಾರೆ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಈಗ ಅದೇ ಹಾಡನ್ನು ಸರಿಯಾಗಿ ನಮ್ಮ ಜೆರಾಕ್ಸ್ ಅಕ್ಕ ಹಾಡ್ತಾರೆ, ಅಮ್ಮನವರೂ ದನಿಗೂಡಿಸ್ತಾರೆ" ಎಂದು ಘೋಷಿಸಿದರು.

ಶಾಲು ಹೊದ್ದುಕೊಂಡು ಕೂತಿದ್ದ ಹಿರಿಯರ ಮುಖ ಚಿಕ್ಕದಾಗಿದ್ದನ್ನು ಅಕ್ಕ ನೋಡಿದಳು. ಅವಳಿಗೆ ಸಂಕಟವಾಯಿತು, ತನ್ನ ಊರಿನ ಮೇಲೆ ಸಿಟ್ಟೂ ಬಂತು. ಮೂರು ಸಲ ನಿಂತರೆ ಊರು ತನ್ನದು, ಒಂದು ಸಲ ನಿಂತರೆ ಆ ಹಿರಿಯರ ಒಪ್ಪಿಗೆ ತನ್ನದು. ಒಂದು ಸಲ ನಿಂತರೆ ನಾಳೆಯಿಂದ ಮದುವೆಗೆ ಯಾರೂ ಕರೆಯಲಾರರು ಎಂಬುದೂ ಗೊತ್ತಿತ್ತು. ಹಾಳಾಗಿ ಹೋಗಲಿ ಎಂದುಕೊಂಡು, ಗಂಡನಿಗೆ ಕಣ್ಣಲ್ಲೇ ಗದರಿಸಿ, ಒಂದೇ ಸಲ ಹಾಡಲು ಬಾಯಿ ತೆರೆದಳು.

"ನಿಂತಿರುವೆ" ಎಂದು ಅವಳು ನೇರವಾಗಿ ಹೋಗುವ ಹೊತ್ತಿಗೆ ಪಕ್ಕದಿಂದ, ಇನ್ನೊಂದು ಮೈಕಿನಲ್ಲಿ, "ನಿಂತಿ... ನಿಂತಿ..." ಎಂದು ಬಂತು. ಹಿರಿಯರೇ ಎಡವುತ್ತಿದ್ದರು. ಅಕ್ಕ ಗಾಬರಿಯಿಂದ ನಿಂತುಬಿಟ್ಟಳು. ಹಿರಿಯರು ಮೂರನೆಯದನ್ನು ದಾಟಿ, ಹುಬ್ಬು ಕುಣಿಸಿ, ಅವಳನ್ನು ಕೈಹಿಡಿದು ಎಳೆದುಕೊಂಡವರಂತೆ ಮುಂದಿನ ಸಾಲಿಗೆ ಕರೆದೊಯ್ದರು. ಯಾರ ಗದರಿಕೆಯೂ ನೆನಪಿಗೆ ಬಾರದೆ ಗಂಡ ಟಕ್ ಎನ್ನಿಸಿಯೇಬಿಟ್ಟಿದ್ದ. ಸಭಾಂಗಣ ಎದ್ದು ನಿಂತಿತು. ಶಿಳ್ಳೆ, ಕೇಕೆ. ಮೇಷ್ಟರು ಕಣ್ಣೀರಿಟ್ಟರು. ಯಜಮಾನರು, "ನೋಡಿದ್ರಾ, ಅಮ್ಮನವರಿಗೆ ನೆನಪಾಯ್ತು" ಎಂದು ಸುತ್ತಲಿದ್ದವರಿಗೆಲ್ಲ ಹೇಳಿದರು.

ಎಲ್ಲ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅಕ್ಕ ಹಿರಿಯರ ಕಾಲ ಬಳಿ ಕೂತಳು. "ನಿಮ್ಮ ಮಾನ ಉಳಿಸ್ಬೇಕು ಅಂತ ನೇರ ಹಾಡಿದೆ. ನೀವು ಯಾಕಮ್ಮ ಹಾಗೆ ಮಾಡಿದ್ರಿ?"

"ನಾನು ಹಾಡಿದಾಗ ಎಂಥ ಚಪ್ಪಾಳೆ ಬಿತ್ತು, ಕೇಳಿಸ್ತಲ್ಲ? ಎಲ್ಲ ಊರಲ್ಲೂ ಅಷ್ಟೇ. ಶಾಲು ಹೊದಿಸ್ತಾರೆ, ಫೋಟೊ ತೆಗೀತಾರೆ, ನಾನು ಹಾಡೋವಾಗ ಮಾತಾಡ್ಕೋತಾರೆ. ಇವತ್ತು ಒಂದಕ್ಷರ ಬಿಟ್ಟಿದ್ದಕ್ಕೆ ಒಂದು ಊರಿಗೆ ಊರೇ ಜಗಳಕ್ಕೆ ಬಂತು." ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. "ನನ್ನ ಹಾಡನ್ನ ಜನ ಹೀಗೆ ಕಿವಿಗೊಟ್ಟು ಕೇಳಿ ಎಷ್ಟು ಕಾಲ ಆಯ್ತೋ."

ಅಕ್ಕ ಕಾದಳು. ಈಗಲಾದರೂ 'ನನ್ನ ಹಾಗೇ ಹಾಡ್ತೀಯಮ್ಮ' ಎಂಬ ಆ ಮಾತು ಬರಬಹುದು.

ಹಿರಿಯರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮುಂದಿನ ತಿಂಗಳು ಇನ್ನೊಂದು ಊರಲ್ಲಿ ಕರೆದಿದಾರೆ. ಅಲ್ಲೂ ಹೀಗೇ ಹಾಡ್ತೀನಿ. ಎರಡನೇದಕ್ಕೂ ಮೂರನೇದಕ್ಕೂ ನಡುವೆ ಉಸಿರು ಎಲ್ಲಿ ತಗೋತೀಯ, ಸರಿಯಾಗಿ ಹೇಳ್ಕೊಡು. ನಂಗೆ ನಿನ್ನ ಹಾಗೆ ಬರ್ತಿಲ್ಲ."

ಅಕ್ಕ ಹೇಳಿಕೊಟ್ಟಳು. ಹೇಳಿಕೊಡುತ್ತಾ ಅವಳಿಗೆ ಅಳು ತಡೆಯಲಾಗಲಿಲ್ಲ. ಬಯಸಿದ್ದಕ್ಕಿಂತ ದೊಡ್ಡದು ಸಿಕ್ಕಿತ್ತು, ನಿಜ. ಆದರೆ ಬಯಸಿದ್ದು ಇನ್ನು ಎಂದೂ ಸಿಗುವ ಹಾಗಿರಲಿಲ್ಲ.