ಅವ್ವನಿಗಾಗಿ ಕಾಗಿ

ಬೆಟಗೇರಿಯ ಮಹಾದೇವನ ಗಂಟಲೊಳಗೆ ಅರ್ಧ ಊರೇ ಸಂಸಾರ ಹೂಡಿತ್ತು. ಬಸ್ಸಿನ ಹಾರ್ನು, ಬೆಕ್ಕಿನ ಜಗಳ, ಅವ್ವ ಗದಿಗೆವ್ವನ ಬೈಗುಳ, ಎಲ್ಲದರ ದನಿಯನ್ನೂ ಹುಬೇಹೂಬ ತೆಗೆಯುತ್ತಿದ್ದ. ಬಾರದ್ದು ಒಂದೇ, ರೊಟ್ಟಿ ಬಡಿಯುವುದು.

ಸಾಯುವ ಮುಂಚೆ ಅವ್ವ ಕೇಳಿದ್ದೂ ಅದನ್ನೇ. "ನನ್ನ ಎಡಿಗೆ ನಿನ್ನ ಕೈಲೆ ಬಡದ ಒಂದ ರೊಟ್ಟಿ ಇಡಪಾ. ಹರಕ ಇದ್ರೂ ಚಿಂತಿಲ್ಲ. ಕಾಗಿ ಮುಟ್ಟಿತಂದ್ರ ನಾ ಹೊಂಟೆ."

"ಆತಬೇ," ಅಂದಿದ್ದ, ಅವಳದೇ ದನಿಯಲ್ಲಿ. ಅವ್ವ ನಕ್ಕಿದ್ದಳು.

ಅವ್ವ ಹಾಸಿಗೆ ಹಿಡಿದಾಗಿನಿಂದ ರೊಟ್ಟಿ ಬಡಿಯುವುದೇ ನಿಂತಿತ್ತು; ಅವಳ ದಿನಕರ್ಮದ ದಿನ ಮನೆಯಲ್ಲಿ ಹಿಟ್ಟೂ ಇಲ್ಲ, ಹಂಚೂ ಇಲ್ಲ. ಫೋನಿನ ಮೇಲೆ ಬೆರಳಾಡಿಸಿದ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಡಬ್ಬಿಯೊಳಗೆ ಬಂದಿಳಿದವು.

"ಅವ್ವ ಇದ್ದಾಗ ಅವ್ವಂದ ಆರ್ಡರ್. ಈಗ ಅವ್ವಗ ಆರ್ಡರ್," ಎಂದು ಹೆಂಡತಿ ಕಾಂಚನಾಳಿಗೆ ಕಣ್ಣು ಹೊಡೆದ.

"ನಿಮ್ಮ ಬಾಯಿಗಿದ್ದ ಚುರುಕ ಕೈಗಿದ್ದಿದ್ರ ಒಂದ ರೊಟ್ಟಿ ಆಗಿ ಹೋಗ್ತಿತ್ರಿ," ಅಂದಳು ಆಕೆ.

ಮಾಳಿಗೆಯ ಮೇಲೆ ಎಲೆ ಹಾಸಿ ಎಡೆ ಇಟ್ಟರು. ಬಿಸಿಲೇರಿತು. ಕಾಗೆಯ ಸುಳಿವಿಲ್ಲ.

"ನಮ್ಮ ವೈನಿ ರೊಟ್ಟಿ ಬಡಿಯೂ ಸಪ್ಪಳಕ್ಕ ಹಿಂಡಗಟ್ಲೆ ಬರ್ತಿದ್ದವು. ಮೊದಲನೇ ತುಣಕ ಅವಕ್ಕ," ಎಂದ ಅವ್ವನ ಮೈದುನ ಮುದಕಪ್ಪ.

"ಕಾಗಿಗಾಗಿ ಕಾಯೂದ್ಯಾಕ್ರಿ ಕಾಕಾ? ಕರಿ ಹಕ್ಕಿ, ಕರದ್ರ ಬರ್ತೈತಿ." ಮಹಾದೇವ ಕಾವ್ ಕಾವ್ ಎಂದ. ಬರಲಿಲ್ಲ. ಆಗ ಅವ್ವನ ದನಿ ತೆಗೆದ: "ಬರ್ರೆಪಾ ಬರ್ರಿ, ನನ್ನ ಕೂಸುಗಳಾ!"

ಬಂದವು. ನೀರಿನ ಟಾಕಿ, ತಂತಿ, ಗೋಡೆ, ಎಲ್ಲ ಕರ್ರಗಾದವು. ಒಂದೂ ಕೂಗಲಿಲ್ಲ. ದೊಡ್ಡದೊಂದು ಕಾಗೆ ಎಲೆಯ ಸುತ್ತ ನಡೆದು, ರೊಟ್ಟಿ ಬಿಟ್ಟು, ಮಹಾದೇವನ ಕೈಗಳನ್ನೇ ದಿಟ್ಟಿಸಿತು.

ಹೆದರಬೇಡಿ ಅನ್ನಲು ಅವನು ಬಾಯಿ ತೆರೆದ. ಹೊರಬಿದ್ದದ್ದು ಅವ್ವನ ದನಿ.

"ಇದು ಯಾರ ಕೈದೋ ಮಾದೇವಾ?"

"ಸಾಕ್ರಿ ಚ್ಯಾಷ್ಟಿ!" ಕಾಂಚನಾ ಗದರಿದಳು. ಆಮೇಲೆ ಅವನ ಕಣ್ಣು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಅವನು ತನ್ನ ದನಿಗಾಗಿ ಒಳಗೆಲ್ಲ ತಡಕಾಡಿದ. ಹಾರ್ನಿಲ್ಲ, ಬೆಕ್ಕಿಲ್ಲ. "ಹಿಟ್ಟ ಎಲ್ಲೈತಿ? ಹಂಚ ಎಲ್ಲೈತಿ?" ಗಂಟಲು ತಾನಾಗೇ ಕೇಳುತ್ತಿತ್ತು.

ಕಾಂಚನಾ ಫೋನಿಗೆ ಕೈ ಹಾಕಿದಳು. "ಅದನ್ನ ಅತ್ಲಾಗ ಇಡವಾ," ಎಂದ ಮುದಕಪ್ಪ, ಪಕ್ಕದ ಮನೆಯ ದಿಲಶಾದಬಿಯ ಹತ್ತಿರ ಹಿಟ್ಟು, ಹಂಚು ಇಸಿದುಕೊಂಡು ಬಂದ.

ಮಹಾದೇವ ರೊಟ್ಟಿ ಬಡಿದ. ತಪ್, ತಪ್. ಸಪ್ಪಳಕ್ಕೆ ಕಾಗೆಗಳೆಲ್ಲ ಒಟ್ಟಿಗೆ ಕತ್ತು ವಾಲಿಸಿದವು. ಅಂಚು ಹರಿಯಿತು, ನಡುವೆ ತೂತು ಬಿತ್ತು, ಬೆರಳು ಸುಟ್ಟವು. ಎಲೆಯ ಮೇಲಿಟ್ಟ. ದೊಡ್ಡ ಕಾಗೆ ಒಂದು ತುಣುಕು ಕಚ್ಚಿ ಹಾರಿತು. ಹಿಂಡೂ ಎದ್ದಿತು.

ಅವನ ಗಂಟಲು ಹಗುರಾಯಿತು. ಅವ್ವ ಹೊರಟಿದ್ದಳು.

"ರೀ?" ಎಂದಳು ಕಾಂಚನಾ.

ಮಹಾದೇವನ ತುಟಿ ಅಲುಗಿತು. ಒಳಗೆ ಯಾರೂ ಇರಲಿಲ್ಲ.

"ಇಲ್ಲೇ ಅದೀನಲ್ಲ ಕಾಂಚನಾ," ಎಂದಿತು ಅವನ ದನಿ, ದೂರದ ತಂತಿಯ ಮೇಲೆ ಕೂತ ಕಾಗೆಯ ಕೊಕ್ಕಿನಿಂದ.

ಈಗ ದಿನಾ ಬೆಳಿಗ್ಗೆ ಆ ಮಾಳಿಗೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳ. ಮೊದಲ ತುಣುಕು ಹಾಕಿ, ತನ್ನ ದನಿಗಾಗಿ ಬಂದ ಒಂದೊಂದು ಕಾಗೆಯ ಕೊಕ್ಕಿಗೂ ಅವನು ಕಿವಿಗೊಡುತ್ತಾನೆ.