ವಾರಸುದಾರರಿಲ್ಲದ ಟ್ರಂಪೆಟ್

ಬಡಾವಣೆಯಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಾರು ಓಡಿಸಲು ಕಲಿಸುವುದು ಅವಳ ಕಸುಬು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲ ಬುಡದಲ್ಲಿದ್ದ ಎರಡನೆಯ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಎದುರಿನ ಗೋಡೆ ಮೈಮೇಲೇ ಬರುತ್ತಿದ್ದರೂ ದನಿ ಏರಿಸದೆ "ನಿಧಾನ, ನಿಧಾನ" ಎನ್ನುವ ಹೆಂಗಸು. ಮನೆಯಲ್ಲಿ ಅವಳು ಮತ್ತು ತಮ್ಮ ಇಬ್ಬರೇ. ತಮ್ಮ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಬೆಳಗಾಗುತ್ತಲೇ ಶುರುವಾಗುವ ಅವನ ಅಭ್ಯಾಸವನ್ನು ವರ್ಷಗಟ್ಟಲೆ ಸಹಿಸಿಕೊಂಡ ನೆರೆಹೊರೆಯವರು ಸೇಡು ತೀರಿಸಿಕೊಳ್ಳುವಂತೆ ಅವನಿಗೆ ಪೀಪಿ ಎಂದು ಹೆಸರಿಟ್ಟಿದ್ದರು.

ಒಂದು ಬುಧವಾರ ಪೀಪಿಯ ಬ್ಯಾಂಡು ಮುಖ್ಯರಸ್ತೆಯ ಹೊಸ ಸೋಫಾ ಅಂಗಡಿಯ ಉದ್ಘಾಟನೆಗೆ ಹೋಗಿತ್ತು. ರಿಬ್ಬನ್ ಕತ್ತರಿಸಲು ಒಬ್ಬ ಧಾರಾವಾಹಿ ನಟಿ ಬರಬೇಕಿತ್ತು. ಅವಳಿಗಿಂತ ಮೊದಲು ಬಂದದ್ದು ಬೇರೆಲ್ಲಿಗೋ ಹೊರಟಿದ್ದ ಮಂತ್ರಿಯ ಕಾರು. ಬ್ಯಾಂಡು ಕಿವಿಗೆ ಬಿದ್ದದ್ದೇ ಮಂತ್ರಿಗಳು ಕಾರು ನಿಲ್ಲಿಸಿದರು, ಇಳಿದರು, ಎಲ್ಲರಿಗೂ ಕೈ ಮುಗಿದರು, ಹಾರ ಬೀಳಲು ಅನುಕೂಲವಾಗಲಿ ಎಂದು ಕತ್ತನ್ನು ತುಸು ಮುಂದಕ್ಕೂ ಚಾಚಿದರು. ಹಾರ ಹಿಡಿದಿದ್ದ ಅಂಗಡಿಯ ಮಾಲೀಕ ಓಡಿ ಬಂದು, "ಸರ್, ಗಾಡಿ ಸ್ವಲ್ಪ ಮುಂದೆ ತಗೊಳ್ಳಿ. ಮೇಡಂ ಕಾರು ಇಲ್ಲಿ ನಿಲ್ಲಬೇಕು" ಎಂದ. ರಸ್ತೆ ಬದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಂತ್ರಿಗಳು ಮುಖ ಹುಳ್ಳಗೆ ಮಾಡಿಕೊಂಡು ಕಾರು ಹತ್ತಿದರು. ಇದೇನೂ ಗೊತ್ತಾಗದ ಬ್ಯಾಂಡಿನವರು ಅವರ ಬೆನ್ನಿಗೂ ಅದೇ ಉತ್ಸಾಹದಿಂದ ಊದಿದರು.

ನಟಿ ಬರುವ ಮೊದಲೇ ಪೊಲೀಸ್ ವ್ಯಾನು ಬಂತು. ಮಾಲೀಕನನ್ನು ಯಾರೂ ಮುಟ್ಟಲಿಲ್ಲ. ಅಂಗಡಿ ತೆರೆಯುವ ಮುಂಚೆಯೇ ಅಲ್ಲಿನ ಒಂದು ಸೋಫಾ ಠಾಣೆಯ ಸಾಹೇಬರ ಮನೆ ಸೇರಿತ್ತು. ಬ್ಯಾಂಡಿನವರನ್ನು ಮಾತ್ರ ವಾದ್ಯಗಳ ಸಮೇತ ತುಂಬಿಕೊಂಡು ಹೋದರು.

ಸಂಜೆ ಮನೆಗೆ ಬಂದ ಬ್ರೇಕಕ್ಕನಿಗೆ ಈ ಸುದ್ದಿ ಮುಟ್ಟಿಸಿದವನು ಅಂಗಡಿಯ ಎದುರಿನ ಟೈಲರ್. ಅವಳು ಅಳುತ್ತ ಕೂರದೆ ಫೋನು ಹಿಡಿದಳು. ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ‘ನಿಮ್ಮವರು ಬಂಧನದಲ್ಲಿದ್ದಾರೆಯೇ? ಹುಡುಕಿ’ ಎಂಬ ಹಸಿರು ಗುಂಡಿಯಿತ್ತು. ಒತ್ತಿದರೆ ಅದು ಬಂಧನದ ಸಂಖ್ಯೆ ಕೇಳಿತು. ಸಂಖ್ಯೆ ಗೊತ್ತಿಲ್ಲದವರು ಏನು ಮಾಡಬೇಕು ಎಂಬುದಕ್ಕೂ ಕೆಳಗೆ ಉತ್ತರವಿತ್ತು: ಬಂಧಿತರಿಂದಲೇ ಕೇಳಿ ಪಡೆಯಿರಿ. ಜೈಲಿಗೆ ಫೋನ್ ಮಾಡಿದಳು. "ಬಂದಿದ್ರೆ ಇರ್ತಾರಮ್ಮ, ಇಲ್ಲ ಅಂದ್ರೆ ಇನ್ನೂ ಬಂದಿಲ್ಲ ಅಂತ ಅರ್ಥ" ಎಂದು ಆ ಕಡೆಯವನು ತಿಳಿಹೇಳಿ ಇಟ್ಟುಬಿಟ್ಟ. ಯಾರ ಪೂರ್ವಾಪರವನ್ನಾದರೂ ಚಿಟಿಕೆ ಹೊಡೆಯುವುದರಲ್ಲಿ ತೆಗೆದುಕೊಡುತ್ತೇವೆ ಎಂದ ಖಾಸಗಿ ಜಾಲತಾಣವೊಂದು ತಮ್ಮನ ಹೆಸರಿನ ಹಲವರನ್ನು ತೋರಿಸಿತು. ಅವರಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ತೀರಿಕೊಂಡವನು, ಇನ್ನೊಬ್ಬಳು ಹೆಂಗಸು.

ಅವಳ ಬಳಿ ಕಾರು ಕಲಿಯುತ್ತಿದ್ದವರಲ್ಲಿ ಒಬ್ಬಳು ಎಳೆಯ ವಕೀಲೆ. ಕೋರ್ಟಿನಲ್ಲಿ ಎಷ್ಟು ಜೋರೋ ರಿವರ್ಸ್ ಗೇರಿನಲ್ಲಿ ಅಷ್ಟೇ ಪುಕ್ಕಲು. ಬ್ರೇಕಕ್ಕ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಅಕ್ಕ, ಮೊದಲು ಬಂಧನದ ದಾಖಲೆ ಸಿಗಲಿ," ಎಂದಳು ವಕೀಲೆ. "ಅದಿಲ್ಲದೆ ಜಾಮೀನು ಕೇಳಿದ್ರೆ ಜಡ್ಜು ‘ಯಾರಿಗೆ?’ ಅಂತಾರೆ."

"ಹಿಡ್ಕೊಂಡು ಹೋದೋರು ಬರ್ಕೊಂಡಿರಲ್ವಾ?"

"ಬರೆದ್ರೆ ಒಂದು ದಿನದೊಳಗೆ ಕೋರ್ಟಿಗೆ ಕರ್ಕೊಂಡು ಬರಬೇಕು. ಬರೀದೆ ಇದ್ರೆ ಆ ದಿನಾನೇ ಶುರುವಾಗಲ್ಲ. ಮಂತ್ರಿ ಸಿಟ್ಟು ತಣ್ಣಗಾಗೋ ತನಕ ಹಾಗೇ ಇಟ್ಕೊಂಡಿರ್ತಾರೆ."

ಮರುದಿನ ಇಬ್ಬರೂ ಠಾಣೆಗೆ ಹೋದರು. ಸಾಹೇಬರು ಇರಲಿಲ್ಲ. ಬಾಗಿಲ ಪಕ್ಕ ‘ಬಂಧಿತರ ವಿವರ, ಸಾರ್ವಜನಿಕರ ಅವಗಾಹನೆಗೆ’ ಎಂಬ ಫಲಕವಿತ್ತು. ಅದರ ಮೇಲೆ ಯಾವುದೋ ಕಾಲದ ಆರೋಗ್ಯ ತಪಾಸಣೆ ಶಿಬಿರದ ಪೋಸ್ಟರು ಅಂಟಿತ್ತು. ಮೇಜಿನ ಹಿಂದೆ ಠಾಣೆಯ ರೈಟರ್ ಕೂತಿದ್ದ. ಠಾಣೆಯಲ್ಲಿ ಏನೇ ಬರೆಯುವುದಿದ್ದರೂ ಅವನ ಕೈಯಿಂದಲೇ ಆಗಬೇಕು. ಅವನ ಬಳಿ ನೀಲಿ, ಕೆಂಪು, ಹಸಿರು ಮೂರು ಪೆನ್ನುಗಳಿದ್ದವು. ಮೂರಕ್ಕೂ ಕ್ಯಾಪ್ ಇತ್ತು.

"ಆ ಹೆಸರಿನೋರು ಯಾರೂ ಇಲ್ಲ," ಎಂದ ಅವನು, ಪುಸ್ತಕವನ್ನು ಅವರ ಕಡೆಗೇ ತಿರುಗಿಸಿ. "ನೀವೇ ನೋಡಿ. ನಿನ್ನೆ ಒಬ್ಬರನ್ನೂ ಹಿಡಿದಿಲ್ಲ. ಶಾಂತಿಯುತ ದಿನ."

ಅವನ ಬೆನ್ನ ಹಿಂದಿದ್ದ ಕಬ್ಬಿಣದ ಬೀರುವಿನ ನೆತ್ತಿಯಲ್ಲಿ ಒಂದು ಡ್ರಮ್ಮು, ಎರಡು ಕ್ಲಾರಿನೆಟ್ಟು, ಒಂದು ಟ್ರಂಪೆಟ್ ಸಾಲಾಗಿ ಕೂತಿದ್ದವು. ಟ್ರಂಪೆಟ್ಟಿನ ಬಾಯಂಚಿಗೆ ಸಣ್ಣ ನೆಗ್ಗು. ಅದು ಬ್ರೇಕಕ್ಕನೇ ಕಾರಿನ ಡಿಕ್ಕಿ ಮುಚ್ಚುವಾಗ ಮಾಡಿದ ನೆಗ್ಗು.

"ಅದೇನು ಸರ್ ಅಲ್ಲಿ?" ಎಂದಳು.

ರೈಟರ್‌ನ ಮುಖ ಅರಳಿತು. ಬೇರೊಂದು ಪುಸ್ತಕ ತೆಗೆದು ಓದಿದ: "ಟ್ರಂಪೆಟ್ ಒಂದು, ಹಿತ್ತಾಳೆ, ಬಾಯಂಚಿನಲ್ಲಿ ನೆಗ್ಗು, ಎರಡನೇ ಗುಂಡಿ ಸಡಿಲ." ಒಂದು ವಸ್ತುವನ್ನೂ ಬಿಟ್ಟಿರಲಿಲ್ಲ. ಡ್ರಮ್ ಬಾರಿಸುವ ಕೋಲುಗಳ ಉದ್ದವನ್ನೂ ಅಳೆದು ಬರೆದಿದ್ದ. ಅದಕ್ಕೆ ಕಾರಣವೂ ಇತ್ತು. ಹಿಂದೆ ಆ ಠಾಣೆಯಿಂದ ಒಂದು ಸೈಕಲ್ ಕಾಣೆಯಾಗಿ ಆಗಿನ ರೈಟರ್‌ನ ಸಂಬಳದ ಬಡ್ತಿ ನಿಂತುಹೋಗಿತ್ತು. ಮನುಷ್ಯರು ಕಾಣೆಯಾದಾಗ ಯಾರ ಬಡ್ತಿಯೂ ನಿಂತದ್ದಿಲ್ಲ.

"ಯಾರ ಹತ್ರ ಸಿಕ್ತು ಅಂತ ಬರೆದಿದೀರಿ?" ಎಂದು ವಕೀಲೆ ಕೇಳಿದಳು.

"ವಾರಸುದಾರರಿಲ್ಲದ ವಸ್ತು. ರಸ್ತೆಯಲ್ಲಿ ಬಿದ್ದಿತ್ತು."

"ಹಾಗಾದ್ರೆ ಅದು ನಮ್ಮನೇದು," ಎಂದಳು ಬ್ರೇಕಕ್ಕ. "ಕೊಡಿ, ತಗೊಂಡು ಹೋಗ್ತೀನಿ."

"ನಿಮ್ಮದೇ ಅಂತ ಹೇಗೆ ನಂಬೋದು? ಎಲ್ಲಿ, ಊದಿ ತೋರಿಸಿ," ಎಂದ ರೈಟರ್, ಕಾನೂನಿನ ದೊಡ್ಡ ಸೂಕ್ಷ್ಮವೊಂದನ್ನು ಎತ್ತಿದವನ ಗತ್ತಿನಲ್ಲಿ.

ಬ್ರೇಕಕ್ಕ ಹುಟ್ಟಿದಾಗಿನಿಂದ ಹಾರ್ನ್ ಬಿಟ್ಟರೆ ಬೇರೇನನ್ನೂ ಬಾರಿಸಿದವಳಲ್ಲ. ಆದರೂ ಟ್ರಂಪೆಟ್ ಇಳಿಸಿಕೊಂಡು ತುಟಿಗಿಟ್ಟು ಜೀವ ಬಿಟ್ಟು ಊದಿದಳು. ಶೀತವಾದ ಎಮ್ಮೆ ಕೆಮ್ಮಿದಂಥ ಸದ್ದು ಬಂತು. ಮತ್ತೊಮ್ಮೆ ಊದಿದಳು. ಎಮ್ಮೆಯ ಕಾಯಿಲೆ ಇನ್ನೂ ಹೆಚ್ಚಾದಂತಿತ್ತು.

"ಅಕ್ಕ, ಕೆನ್ನೆ ಉಬ್ಬಿಸಬೇಡ," ಎಂದು ಒಳಗಿನ ಕಾರಿಡಾರಿನ ಕಡೆಯಿಂದ ಒಂದು ದನಿ ಕೇಳಿಸಿತು. "ತುಟಿ ಬಿಗಿ ಮಾಡು. ಮಾನ ತೆಗೀತೀಯಲ್ಲ."

"ಗುಂಡಿ ಬಿಡು ತಾಯಿ, ಸುಮ್ನೆ ಒತ್ತಿ ಹಿಡಿಬೇಡ," ಎಂದು ಇನ್ನೊಂದು ಮುದಿ ದನಿ ಸೇರಿಸಿತು. ಅದು ಬ್ಯಾಂಡ್ ಮೇಷ್ಟ್ರದು. ಹಿಂದೆಯೇ ನಾಲ್ಕಾರು ಗಂಟಲುಗಳು ನಕ್ಕವು.

ಕಾವಲಿಗಿದ್ದ ಕಾನ್‌ಸ್ಟೆಬಲ್ ಛಾವಣಿಯ ಫ್ಯಾನು ನೋಡತೊಡಗಿದ.

"ಒಳಗೆ ಯಾರು?" ಎಂದಳು ವಕೀಲೆ.

"ಯಾರೂ ಇಲ್ಲ," ಎಂದ ರೈಟರ್. ಅಭ್ಯಾಸಬಲದಿಂದ ಪುಸ್ತಕವನ್ನು ಮತ್ತೆ ಅವಳ ಕಡೆ ತಿರುಗಿಸಿದ.

"ಸರಿ ಬಿಡಿ, ಅದು ನಿಮಗೆ ಬಿಟ್ಟಿದ್ದು. ಆದ್ರೆ ಇವರು ಊದಿದ್ದು ಕೇಳಿ ವಸ್ತು ಗುರುತು ಹಿಡಿದ ಸಾಕ್ಷಿ ಒಬ್ಬರು ಸಿಕ್ಕಿದಾರಲ್ವಾ? ಸಾಕ್ಷಿ ಕಾಲಂ ಖಾಲಿ ಬಿಟ್ಟು ವಸ್ತು ಕೊಟ್ರೆ ಆಡಿಟ್‌ನಲ್ಲಿ ಕೇಳಲ್ವಾ ಸರ್?"

ಆಡಿಟ್ ಎಂಬ ಮಾತಿಗೆ ರೈಟರ್ ಬೆಚ್ಚಿದ. ಮನುಷ್ಯರ ಪುಸ್ತಕದ ವಿಷಯ ಸಾಹೇಬರಿಗೆ ಬಿಟ್ಟದ್ದು. ವಸ್ತುಗಳ ಪುಸ್ತಕ ಮಾತ್ರ ಅವನ ಪ್ರಾಣ. ಅದರಲ್ಲಿ ಈವರೆಗೆ ಒಂದು ಕಾಲಮ್ಮೂ ಖಾಲಿ ಉಳಿದಿರಲಿಲ್ಲ. ನೀಲಿ ಪೆನ್ನಿನ ಕ್ಯಾಪ್ ತೆಗೆದು ಎದ್ದು ಒಳಗೆ ಹೋದ. ಹೊರಗಿನವರಿಗೆ ಅವನ ಪ್ರಶ್ನೆಗಳು ಸ್ಪಷ್ಟವಾಗಿ ಕೇಳಿಸಿದವು: ಹೆಸರೇನು, ತಂದೆ ಹೆಸರೇನು, ಕಸುಬೇನು. ಹಿಂತಿರುಗಿ ಬಂದು ಅಕ್ಷರ ಪೋಣಿಸಿದಂತೆ ಬರೆದ. ಸಾಕ್ಷಿಯ ಸದ್ಯದ ವಿಳಾಸ ಎಂಬಲ್ಲಿ ಕ್ಷಣ ತಡೆದ. ಸುಳ್ಳು ಬರೆದರೆ ತಿದ್ದಬೇಕಾಗುತ್ತದೆ, ತಿದ್ದಿದರೆ ಪುಟ ಕೆಡುತ್ತದೆ. ‘ಇದೇ ಠಾಣೆಯ ಲಾಕಪ್, ನಿನ್ನೆಯಿಂದ’ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ, ನಿಯಮದ ಪ್ರಕಾರ ಒಂದು ಪ್ರತಿಯನ್ನು ಅರ್ಜಿದಾರರ ಕೈಗೆ ಕೊಟ್ಟ. ಟ್ರಂಪೆಟ್ ಮಾತ್ರ ಸಾಹೇಬರ ಸಹಿ ಆದ ಮೇಲೆ ಎಂದು ಮತ್ತೆ ಬೀರುವಿನ ಮೇಲಿಟ್ಟ.

ವಕೀಲೆ ಅದನ್ನು ಎರಡು ಸಲ ಓದಿ, ಮಡಿಸಿ, ಬ್ಯಾಗಿಗೆ ಹಾಕಿಕೊಂಡಳು. ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಿದ್ದಳು.

ಬ್ರೇಕಕ್ಕ ಅಷ್ಟರಲ್ಲಿ ಯಾರನ್ನೂ ಕೇಳದೆ ಕಾರಿಡಾರಿನೊಳಗೆ ನಡೆದಿದ್ದಳು. ಸರಳುಗಳ ಹಿಂದೆ ಬ್ಯಾಂಡಿನವರು ಕೆಂಪು ಕೋಟು ಬಿಚ್ಚಿ ಅದನ್ನೇ ಹಾಸಿಕೊಂಡು ಕೂತಿದ್ದರು. ತಮ್ಮ ಎದ್ದು ಬಂದ. ಅವನ ಮೇಲ್ದುಟಿ ಒಡೆದು ಬಾತುಕೊಂಡಿತ್ತು.

"ಯಾರು ಹೊಡೆದಿದ್ದು?"

"ಸಾಹೇಬ್ರು. ಊದೋ ಬಾಯಿ ಯಾವುದು ಅಂತ ಕೇಳಿದ್ರು. ನಾನು ಮುಂದೆ ಬಂದೆ."

"ನೋವಿದೆಯಾ?"

"ಮಾತಾಡೋಕೆ ಪರವಾಗಿಲ್ಲ," ಎಂದ ಅವನು. ಊದುವುದರ ಬಗ್ಗೆ ಏನೂ ಹೇಳಲಿಲ್ಲ. ಸರಳಿನ ನಡುವೆ ಕೈ ತೂರಿಸಿ ಅವನ ಕೆನ್ನೆ ಮುಟ್ಟಿದಾಗ ಅವಳ ಕಾಲು ತಂತಾನೇ ನೆಲವನ್ನು ಒತ್ತಿ ಹಿಡಿದಿತ್ತು.

ಸಂಜೆಯೊಳಗೆ ವಕೀಲೆ ಆ ಪ್ರತಿಯನ್ನು ನ್ಯಾಯಾಧೀಶೆಯ ಮುಂದಿಟ್ಟಳು. ಬ್ಯಾಂಡಿನವರನ್ನು ತಕ್ಷಣ ಹಾಜರುಪಡಿಸಿ ಎಂದು ಆದೇಶವಾಯಿತು. ಸಾಹೇಬರು ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ಬಂದು, ಇವರನ್ನು ಯಾರೂ ಬಂಧಿಸಿಲ್ಲ, ಶಬ್ದಮಾಲಿನ್ಯದ ಬಗ್ಗೆ ಮಾರ್ಗದರ್ಶನ ಪಡೆಯಲು ತಾವಾಗಿಯೇ ಬಂದಿದ್ದರು ಎಂದರು.

"ಮಾರ್ಗದರ್ಶನಕ್ಕೆ ಬಂದವರ ವಿಳಾಸ ಲಾಕಪ್ ಅಂತ ಇದೆಯಲ್ಲ?" ಎಂದರು ನ್ಯಾಯಾಧೀಶೆ. "ಮನೆ ಬದಲಾಯಿಸಿಬಿಟ್ಟರಾ?"

ಸಾಹೇಬರು ಕೆಮ್ಮಿದರು. ಎಲ್ಲರನ್ನೂ ಅಲ್ಲಿಂದಲೇ ಬಿಡಲಾಯಿತು. ಒಡೆದ ತುಟಿಯ ಬಗ್ಗೆ ವೈದ್ಯರ ವರದಿ ಬರಲಿ, ಇಲಾಖೆ ವಿಚಾರಣೆ ನಡೆಸಲಿ ಎಂದೂ ಆಯಿತು.

ಇಲಾಖೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ವಿಚಾರಣೆ ನಡೆಸಿತು. ತಪ್ಪು ಸಿಕ್ಕಿತು. ಬರೆಯಬಾರದ್ದನ್ನು ಬರೆದವನು ರೈಟರ್. ಅವನ ಬಡ್ತಿ ನಿಂತಿತು, ಅವನಿಗೆ ದೂರದ ಠಾಣೆಗೆ ವರ್ಗವಾಯಿತು. ಹೊರಡುವ ದಿನ ಅವನು ವಸ್ತುಗಳ ಪುಸ್ತಕವನ್ನು ಹೊಸಬನಿಗೆ ಒಪ್ಪಿಸುತ್ತ ಕಣ್ಣೀರು ಹಾಕಿದನಂತೆ. ಸಾಹೇಬರನ್ನು ಮಾತ್ರ ತರಬೇತಿ ಶಾಲೆಗೆ ಕಳಿಸಿದರು. ಈಗ ಅವರು ಹೊಸದಾಗಿ ಸೇರಿದವರಿಗೆ ದಾಖಲೆ ನಿರ್ವಹಣೆಯ ಪಾಠ ಹೇಳುತ್ತಾರೆ. ಚೆನ್ನಾಗಿ ಹೇಳುತ್ತಾರೆ ಎಂದೇ ಸುದ್ದಿ.

ಮನುಷ್ಯರು ಒಂದೇ ಸಂಜೆಯಲ್ಲಿ ಹೊರಗೆ ಬಂದರು, ವಾದ್ಯಗಳು ಬರಲಿಲ್ಲ. ಆಮೇಲೆ ಹಾಕಿದ ಶಬ್ದಮಾಲಿನ್ಯದ ಮೊಕದ್ದಮೆ ನಡೆಯುತ್ತಿರುವುದರಿಂದ ಅವು ಈಗ ಸಾಕ್ಷ್ಯ, ಬೀರುವಿನಿಂದ ಕದಲುವಂತಿಲ್ಲ. ಹಾಗೇ ಬಿಟ್ಟರೆ ಗುಂಡಿಗಳು ಕಚ್ಚಿಕೊಳ್ಳುತ್ತವೆ ಎಂದು ಬ್ಯಾಂಡ್ ಮೇಷ್ಟ್ರು ಅರ್ಜಿ ಹಾಕಿ, ವಾರಕ್ಕೊಮ್ಮೆ ಹೋಗಿ ಒರೆಸಿ ಎಣ್ಣೆ ಬಿಡಲು ಅನುಮತಿ ಪಡೆದರು. ಜೈಲಿನಲ್ಲಿರುವ ಮಗನನ್ನು ನೋಡಲು ಹೋಗುವ ಅಪ್ಪನಂತೆ ಅವರು ಶನಿವಾರ ಶನಿವಾರ ಬಟ್ಟೆ, ಎಣ್ಣೆಯ ಬಾಟಲಿ ಹಿಡಿದು ಹೋಗುತ್ತಾರೆ. ಅವರ ಹೆಸರು ಈಗ ಸಂದರ್ಶಕರ ಪುಸ್ತಕದಲ್ಲಿ ತಪ್ಪದೆ ದಾಖಲಾಗುತ್ತದೆ.

ತುಟಿ ವಾಸಿಯಾದ ಮೇಲೆ ಒಂದು ಶನಿವಾರ ಪೀಪಿ ತಾನೂ ಬರುತ್ತೇನೆ ಎಂದ. ಬ್ರೇಕಕ್ಕ ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿ ಠಾಣೆಯ ಎದುರು ನಿಲ್ಲಿಸಿದಳು. ಮೇಷ್ಟ್ರು ಇಳಿದರು. ಅವನು ಬಾಗಿಲು ಅರ್ಧ ತೆರೆದು, ಗೇಟಿನಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ಲನನ್ನು ನೋಡಿ, ಮತ್ತೆ ಮುಚ್ಚಿಕೊಂಡ.

"ಇವತ್ತು ಬೇಡ," ಎಂದ.

"ಸರಿ," ಎಂದಳು ಅವಳು. "ಎರಡನೇ ಗುಂಡಿಗೆ ಎಷ್ಟು ಎಣ್ಣೆ ಹಾಕಬೇಕು, ಅದು ಹೇಳು."

ಅವನು ಹೇಳಿದ. ಅವಳು ಕಿಟಕಿಯ ಗಾಜು ತುಸು ಇಳಿಸಿಟ್ಟು, ಮೇಷ್ಟ್ರ ಹಿಂದೆ ಠಾಣೆಯ ಮೆಟ್ಟಿಲು ಹತ್ತಿದಳು.